ಪ್ರೇರಿ ಡಾಗ್‌ಗೆ ಯಾವ ತೋಟಾ? ಬಳಸಿದವರು ಹೇಳಿ

ಕೇಳಿದವರು: ಹೊಲ ತೋಡಿ ಹಾಳು ಮಾಡುವ ಪ್ರೇರಿ ಡಾಗ್ (ಬಿಲದಲ್ಲಿರುವ ಅಮೆರಿಕದ ಅಳಿಲು ಜಾತಿ), ಅಪರೂಪಕ್ಕೆ ಕಾಯೋಟಿ (ನರಿಯಂಥ ಕಾಡುಪ್ರಾಣಿ). ಹೆಚ್ಚೆಂದರೆ 200 ಗಜ. ಪರವಾನಗಿ ಆಗಿದೆ. .17 ಎಚ್‌ಎಂಆರ್, .223, .22-250, ಈ ಮೂರು ರೈಫಲ್ ತೋಟಾಗಳಲ್ಲಿ ಯಾವುದು? ಹತ್ತಿರ ಮನೆಗಳಿವೆ, ಸದ್ದು ಕಡಿಮೆ ಇರಬೇಕು. ರೀಲೋಡಿಂಗ್ (ಖಾಲಿ ತೋಟಾಕ್ಕೆ ನಾವೇ ಮದ್ದು, ಗುಂಡು ತುಂಬುವುದು) ಮಾಡಲ್ಲ.

ಹಳೇ ನಳಿಗೆ: ಕಣ್ಣು ಮುಚ್ಚಿ .22-250 ತಗೊಳ್ಳಿ. 55 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ಗುಂಡು ಸೆಕೆಂಡಿಗೆ 3,600 ಅಡಿ ದಾಟುತ್ತದೆ. ಖರ್ಚಿದೆ, ಇಲ್ಲ ಅನ್ನಲ್ಲ. ನಾನು ಒಂದು ತೋಟಾಕ್ಕೆ 36 ಗ್ರೇನ್ ಮದ್ದು ತುಂಬುತ್ತೇನೆ. ಒಂದು ಪೌಂಡ್ ಡಬ್ಬಿ ಅಂದರೆ 7,000 ಗ್ರೇನ್, 200 ತೋಟಾ ಕೂಡ ಆಗಲ್ಲ. ನನ್ನ ಮೊದಲ ನಳಿಗೆ ಭಾವಮೈದುನನ ಕೈಯಲ್ಲಿ ಹೋಯಿತು. ಬಿಸಿಯಾದರೂ ಬಿಡದೆ ಹೊಡೆದ. ಗನ್‌ಸ್ಮಿತ್ ಒಳಗೆ ಕ್ಯಾಮೆರಾ ಬಿಟ್ಟು ತೋರಿಸಿದರು: ತೋಟಾ ಕೂರುವ ಜಾಗದ ಮುಂದೆ ಮೊಸಳೆ ಚರ್ಮದ ಹಾಗೆ ಬಿರುಕು. ಹೊಸ ನಳಿಗೆ, ಕೂರಿಸುವ ಕೂಲಿ, ಮತ್ತೆ ಸ್ಕೋಪ್ ಹೊಂದಿಸಲು ಸುಟ್ಟ ತೋಟಾ, ಎಲ್ಲ ನನ್ನ ತಲೆಗೇ. ಅವನು ಒಂದು ಮಾತು ಆಡಲಿಲ್ಲ.

ಸುಮ್ನೆ ಓದುಗ: ನಳಿಗೆ ಸುಡುವ ತೋಟಾ ಬೇರೆಯವರಿಗೂ ಯಾಕೆ ಅಂಟಿಸುತ್ತೀರಿ? .223ಗೆ 26 ಗ್ರೇನ್ ಮದ್ದು ಸಾಕು. ಅದೇ ಡಬ್ಬಿಯಲ್ಲಿ ಹತ್ತಿರ ಹತ್ತಿರ 270. ನನಗೆ ನೋವಾಗಿದ್ದು ಬೇರೆ ಕಡೆ. ಗಾಳಿಗೆ ಜಗ್ಗಲ್ಲ ಅಂತ ಅಂಗಡಿಯವರು 77 ಗ್ರೇನ್ ಗುಂಡಿನ ತೋಟಾ ಪೆಟ್ಟಿಗೆಗಟ್ಟಲೆ ಕೊಟ್ಟರು. ನನ್ನ ಟ್ವಿಸ್ಟ್ (ಗುಂಡು ತಿರುಗಿಸುವ, ನಳಿಗೆಯೊಳಗಿನ ಗೆರೆಗಳ ಸುರುಳಿ) 12 ಇಂಚಿಗೆ ಒಂದು ಸುತ್ತು ಅಂತ ಮೊದಲೇ ಹೇಳಿದ್ದೆ. ಕಾಗದದ ಮೇಲೆ ದುಂಡು ತೂತೇ ಇಲ್ಲ, ಗುಂಡು ಮಲಗಿಕೊಂಡು ಹೋದ ಉದ್ದ ಸೀಳು. ಒಡೆದ ಪೆಟ್ಟಿಗೆ ವಾಪಸ್ ಇಲ್ಲವಂತೆ. ಅಂಥ ನಿಧಾನ ಟ್ವಿಸ್ಟ್‌ಗೆ ಹಗುರ ಗುಂಡು, 50, 55 ಗ್ರೇನ್ ಅಷ್ಟೇ.

ಹಳೇ ನಳಿಗೆ: ಟ್ವಿಸ್ಟ್ ಗೊತ್ತಿದ್ದೂ ಪೆಟ್ಟಿಗೆ ಒಡೆದಿದ್ದು ಯಾರು ಸ್ವಾಮಿ?

ಸುಮ್ನೆ ಓದುಗ: ಭಾವಮೈದುನನ ಕೈಗೆ ರೈಫಲ್ ಕೊಟ್ಟವರು ಕೇಳಬೇಕಾದ ಪ್ರಶ್ನೆ ಅಲ್ಲ ಇದು.

ಗಾಳಿಲೆಕ್ಕ: .17 ಎಚ್‌ಎಂಆರ್ 2002ರಲ್ಲಿ ಬಂದದ್ದು, .22 ಮ್ಯಾಗ್ನಂ ಕೇಸಿನ (ಮದ್ದು ತುಂಬುವ ಹಿತ್ತಾಳೆ ಕವಚ) ಕತ್ತು ಕಿರಿದು ಮಾಡಿ. ಸದ್ದು ಕಡಿಮೆ, 100 ಗಜಕ್ಕೆ ಚಿನ್ನ. ಆದರೆ ಗುಂಡು ಬರೀ 17 ಗ್ರೇನ್. ಗಂಟೆಗೆ 10 ಮೈಲಿ ಅಡ್ಡಗಾಳಿ ಇದ್ದರೆ 200 ಗಜದಲ್ಲಿ ಒಂದಡಿಗಿಂತ ಜಾಸ್ತಿ ಸರಿಯುತ್ತದೆ. ನನ್ನ ಒಂದು ಪೆಟ್ಟಿಗೆಯಲ್ಲಂತೂ ಹೊಡೆಯುವ ಮೊದಲೇ ಕೆಲವು ಕೇಸಿನ ಕತ್ತು ಸೀಳಿತ್ತು. ದೂರು ಕೊಟ್ಟೆ, ಉತ್ತರವೇ ಇಲ್ಲ. ಕಾಯೋಟಿಗೆ ಇದು ಬೇಡ, ಗಾಯವಾಗಿ ಓಡಿಹೋಗುತ್ತದೆ.

ಕೇಳಿದವರು: ರೀಲೋಡಿಂಗ್ ಮಾಡಲ್ಲ ಅಂದಿದ್ದೆ. .223 ಸದ್ದು ಎಷ್ಟು ಜಾಸ್ತಿ?

ಇನ್ನೂರನಾಲ್ಕು: ಯಾರೂ .204 ರೂಗರ್ ತೋಟಾ ಅನ್ನಲಿಲ್ಲವಲ್ಲ! 2004ರಲ್ಲಿ ಬಂದಾಗಿಂದ ಅದೇ ಬಳಸುತ್ತಿದ್ದೇನೆ. ಒದೆತ ಎಷ್ಟು ಕಮ್ಮಿ ಅಂದರೆ ಗುಂಡು ತಾಗಿದ್ದು ಸ್ಕೋಪಿನಲ್ಲೇ ಕಾಣುತ್ತದೆ. ತಾಪತ್ರಯ ಒಂದೇ, ನಳಿಗೆ ಒರೆಸಲು .22ರ ಬ್ರಷ್ಷು ಹೋಗಲ್ಲ, ಎಲ್ಲ ಬೇರೆ ಕೊಳ್ಳಬೇಕು. ಒರೆಸುವ ಸರಳು ಮಾತ್ರ ಲೇಪ ಇರುವುದನ್ನೇ ತಗೊಳ್ಳಿ.

ಹಳೇ ನಳಿಗೆ: ಲೇಪದ ಸರಳು? ಮರಳು ಕಚ್ಚಿಕೊಂಡು ನಳಿಗೆಗೆ ಗೆರೆ ಬೀಳುತ್ತದೆ. ಉಕ್ಕಿನದೇ ಸರಿ.

ಇನ್ನೂರನಾಲ್ಕು: ಸುಟ್ಟ ನಳಿಗೆಗೆ ಯಾವ ಸರಳಾದರೇನು ಬಿಡಿ.