‘ಪಾಪಿಯೆ ಕೊಲೆ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕ್ಯೂಬಿಸಂ (ವಸ್ತುವನ್ನು ಹಲವು ಕೋನಗಳಿಂದ ಒಮ್ಮೆಗೇ ತೋರಿಸುವ ಚಿತ್ರಕಲೆ) ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಕೊಲಾಜ್. ಧೈರ್ಯ ಮಾಡಿ ‘ಅಂಟುಚಿತ್ರ’ ಅಂತ ಬರೆದೆ. ಓದಿದ ಮಗಳು, "ಅಪ್ಪಾ, ಫ್ರಿಜ್ ಮೇಲೆ ಅಂಟಿಸ್ತೀವಲ್ಲ, ಆ ಸ್ಟಿಕ್ಕರಾ?" ಅಂದಳು. ಹಾಗೆ ನೋಡಿದರೆ ಪದ ತಪ್ಪಲ್ಲ. ಫ್ರೆಂಚಿನಲ್ಲಿ ‘ಕೊಲ್’ ಅಂದರೆ ಅಂಟು, ಕೊಲಾಜ್ ಅಂದರೆ ಅಂಟಿಸುವ ಕೆಲಸ.

ಎರಡನೆಯದು ಅದರ ತಮ್ಮ, ‘ಪಾಪಿಯೆ ಕೊಲೆ’. ಅಂಟಿಸಿದ ಕಾಗದ ಅಂತ ಅರ್ಥ. ಹಾಗೇ ಬಿಟ್ಟರೆ ಪತ್ತೇದಾರಿ ಕಾದಂಬರಿಯ ಹೆಸರಾಗುತ್ತದೆ! ಆದರೆ ಎರಡನ್ನೂ ಒಂದೇ ಪದದಲ್ಲಿ ಮುಗಿಸುವಂತಿಲ್ಲ. 1912ರ ಮೇ ತಿಂಗಳಲ್ಲಿ ಪಿಕಾಸೊ ತನ್ನ ಚಿತ್ರಕ್ಕೆ ಅಂಟಿಸಿದ್ದು ಎಣ್ಣೆಬಟ್ಟೆ. ಅದರ ಮೇಲೆ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿತ್ತು. ಸುತ್ತ ಚೌಕಟ್ಟಿನ ಬದಲು ಹಗ್ಗ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನ ಜೊತೆಗಾರ ಚಿತ್ರಕಾರ ಬ್ರಾಕ್, ಫ್ರಾನ್ಸಿನ ಅವಿನ್ಯೋನ್ ಊರಿನ ಅಂಗಡಿಯಿಂದ ಮರದ ಗೆರೆ ಅಚ್ಚಾಗಿದ್ದ ಗೋಡೆ ಕಾಗದ ತಂದು ಕತ್ತರಿಸಿ ಅಂಟಿಸಿದ. ಅವನಿಗೆ ಇದು ಹೊಸದೇನಲ್ಲ. ಮನೆಗಳಿಗೆ ಬಣ್ಣ ಬಳಿಯುವ ಕುಟುಂಬದವನು, ಗೋಡೆಯ ಮೇಲೆ ಸುಳ್ಳು ಮರ ಮೂಡಿಸುವುದನ್ನು ಕಲಿತವನು. ಕಾಗದ ಮಾತ್ರ ಇದ್ದರೆ ಪಾಪಿಯೆ ಕೊಲೆ. ಹಗ್ಗ, ಬಟ್ಟೆ, ಏನಿದ್ದರೂ ಕೊಲಾಜ್.

ಗೆಳೆಯರೊಬ್ಬರು ‘ಕೌದಿಚಿತ್ರ’ ಅಂದರು. ಕಿವಿಗೆ ಹಿತ, ನನಗೆ ಒಪ್ಪಿಗೆಯಿಲ್ಲ. ಕೌದಿಯದು ಹೊಲಿಗೆ, ಇಲ್ಲಿರುವುದು ಅಂಟು. ಕೌದಿಯಲ್ಲಿ ಹಳೇ ಸೀರೆ ಹಳೇ ಸೀರೆಯಾಗಿಯೇ ಇರುತ್ತದೆ. ಬ್ರಾಕ್‌ನ ಕಾಗದ ಮರದ ವೇಷ ಹಾಕಿದೆ. ತಮಾಷೆಯೆಲ್ಲ ಆ ವೇಷದಲ್ಲೇ ಇದೆ. ಸದ್ಯಕ್ಕೆ ಕೊಲಾಜ್ ಅನ್ನು ಹಾಗೇ ಇಟ್ಟು, ಪಾಪಿಯೆ ಕೊಲೆಗೆ ‘ಅಂಟುಗಾಗದ’ ಅಂದಿದ್ದೇನೆ. ಗಮ್ ಟೇಪ್ ಅನ್ನಿಸುತ್ತದಾ?

ಮೂರನೆಯದು ಜಾಸ್ತಿ ಕಷ್ಟ: ಫೋಟೊಮಾಂಟಾಜ್. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಕಲೆಯ ಕಟ್ಟುಪಾಡುಗಳನ್ನೇ ಗೇಲಿ ಮಾಡುತ್ತಿದ್ದ ಬರ್ಲಿನ್ನಿನ ದಾದಾ ಗುಂಪಿನವರು, ಅಂದರೆ ಹಾನಾ ಹೋಖ್, ಹೌಸ್‌ಮನ್, ಹಾರ್ಟ್‌ಫೀಲ್ಡ್, ಪತ್ರಿಕೆಯ ಫೋಟೊಗಳನ್ನು ಕತ್ತರಿಸಿ ಜೋಡಿಸತೊಡಗಿದರು. ಕಲಾವಿದರು ಅನ್ನಿಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ, ಹಾಗಾಗಿ ಕಾರ್ಖಾನೆಯ ಪದ ಹಿಡಿದರು. ಜರ್ಮನ್ನಿನಲ್ಲಿ ‘ಮೊಂಟ್ಯೋರ್’ ಅಂದರೆ ಕಾರ್ಖಾನೆಯಲ್ಲಿ ಯಂತ್ರ ಜೋಡಿಸುವವನು, ನಮ್ಮ ಫಿಟ್ಟರ್. ಹಾರ್ಟ್‌ಫೀಲ್ಡ್‌ನ ಅಡ್ಡಹೆಸರೇ ‘ಮೊಂಟ್ಯೋರ್‌ದಾದಾ’. ‘ಛಾಯಾಚಿತ್ರ ಸಂಯೋಜನೆ’ ಅಂತ ಬರೆದರೆ ಕೈಗೆ ಮೆತ್ತಿದ ಗ್ರೀಸೆಲ್ಲ ತೊಳೆದುಹೋಗುತ್ತದೆ, ಅಲ್ವಾ? ‘ಫೋಟೊ ಫಿಟ್ಟಿಂಗ್’ ಅನ್ನೋಣ ಅಂದರೆ ಚೌಕಟ್ಟು ಹಾಕುವ ಅಂಗಡಿಯ ನೆನಪು.

ಫಿಟ್ಟರ್ ಕೆಲಸದವರು ಬಿಡಿಭಾಗ ಕೂಡಿಸುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?