ಕಿಂಕೆಲಿನ್ ಫಲಕಕ್ಕೆ ‘ಸಂಖ್ಯಾಶಾಸ್ತ್ರಜ್ಞ’ ಎಂಬ ಪದ ಸರಿಯೆ?

ಕಿಂಕೆಲಿನ್ ಅವರನ್ನು ಪರಿಚಯಿಸುವ ಫಲಕದಲ್ಲಿ ‘ಸ್ಟಾಟಿಸ್ಟಿಷಿಯನ್’ (ಅಂಕಿಅಂಶಗಳನ್ನು ಕಲೆಹಾಕಿ ವಿಶ್ಲೇಷಿಸುವ ತಜ್ಞ) ಎಂಬುದಕ್ಕೆ ಯಾವ ಕನ್ನಡ ಪದ ಸರಿ ಎಂದು ಕೇಳಿದ್ದೀರಿ. ಫಲಕ ನಾಳೆಯೇ ಅಚ್ಚಿಗೆ ಹೋಗುವುದರಿಂದ ಮೊದಲು ಉತ್ತರವನ್ನು ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಹೆರ್ಮಾನ್ ಕಿಂಕೆಲಿನ್ (1832–1913) ಅವರನ್ನು ‘ಗಣಿತಜ್ಞ, ಸಾಂಖ್ಯಿಕತಜ್ಞ’ ಎಂದು ಬರೆಯಿರಿ. ‘ಸಂಖ್ಯಾಶಾಸ್ತ್ರಜ್ಞ’ ಬೇಡ.

ಆ ಪದ ಇದೇ ಅರ್ಥದಲ್ಲಿ ಪದವಿಪೂರ್ವ ತರಗತಿಗಳಲ್ಲಿ ರೂಢಿಯಲ್ಲಿದೆ ಎಂಬುದು ನಿಜ. ಆದರೆ ಹೆಸರಿನ ಅಕ್ಷರಗಳಿಗೆ ಅಂಕಿ ಕಟ್ಟಿ ಭವಿಷ್ಯ ನುಡಿಯುವವರೂ ತಮ್ಮನ್ನು ಹಾಗೆಯೇ ಕರೆದುಕೊಳ್ಳುವುದರಿಂದ ಬೀದಿಯ ಓದುಗನಿಗೆ ಮೊದಲು ಹೊಳೆಯುವುದು ಆ ಅರ್ಥವೇ. ಕಿಂಕೆಲಿನ್ ವಿಷಯದಲ್ಲಿ ತೊಡಕು ಇಮ್ಮಡಿಯಾಗುತ್ತದೆ. 1ರ ಒಂದನೆಯ ಘಾತ, 2ರ ಎರಡನೆಯ ಘಾತ, 3ರ ಮೂರನೆಯ ಘಾತ ಎಂದು ಗುಣಿಸುತ್ತ ಹೋದರೆ 1, 4, 108, 27648 ಎಂದು ಹಿಗ್ಗುವ ಗುಣಲಬ್ಧವನ್ನು ಅಂದಾಜಿಸುವ ಸೂತ್ರದಲ್ಲಿ 1.2824… ಎಂಬ ಸ್ಥಿರಾಂಕವೊಂದು ಬರುತ್ತದೆ. ಗ್ಯಾಮಾ ಫಲನಕ್ಕೆ (1×2×3… ಎಂಬ ಗುಣಲಬ್ಧವನ್ನು ಪೂರ್ಣಾಂಕವಲ್ಲದ ಸಂಖ್ಯೆಗಳಿಗೂ ವಿಸ್ತರಿಸುವ ಫಲನ) ನಂಟಿರುವ ಫಲನವೊಂದನ್ನು ಕುರಿತು ಕಿಂಕೆಲಿನ್ 1860ರಲ್ಲಿ ಪ್ರಕಟಿಸಿದ ಪ್ರಬಂಧದ ಕಾರಣ ಆ ಸ್ಥಿರಾಂಕಕ್ಕೆ ಇಂಗ್ಲಿಷ್ ಗಣಿತಜ್ಞ ಗ್ಲೇಷರ್ ಅವರ ಹೆಸರಿನೊಂದಿಗೆ ಇವರ ಹೆಸರೂ ಸೇರಿದೆ. ಫಲಕದಲ್ಲಿ ಇದನ್ನು ಹೇಳುವ ಸಾಲಿನ ಪಕ್ಕದಲ್ಲಿ ‘ಸಂಖ್ಯಾಶಾಸ್ತ್ರಜ್ಞ’ ಎಂದರೆ ಬಲ್ಲವರೂ ಅದನ್ನು ಸಂಖ್ಯೆಗಳನ್ನೇ ಕುರಿತ ಈ ಗಣಿತಕ್ಕೆ ಅನ್ವಯಿಸಿಕೊಳ್ಳುತ್ತಾರೆ. ನೀವು ಹೇಳಹೊರಟಿರುವುದಾದರೋ ಬಾಸೆಲ್‌ನಲ್ಲಿ 1870 ಮತ್ತು 1880ರ ಜನಗಣತಿಗಳನ್ನು ನಡೆಸಿದ, 1905ರಲ್ಲಿ ಸ್ವಿಸ್ ವಿಮಾಗಣಿತಜ್ಞರ (ವಿಮೆಯ ಲೆಕ್ಕಾಚಾರ ಮಾಡುವ ಗಣಿತಜ್ಞರ) ಸಂಘವನ್ನು ಕಟ್ಟಲು ಮುಂದಾದ ಮನುಷ್ಯನ ಬಗ್ಗೆ.

‘ಸಾಂಖ್ಯಿಕ’ ಎಂದರೆ ಸಾಂಖ್ಯದರ್ಶನ ನೆನಪಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲ. ಸರ್ಕಾರದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವನ್ನು ಯಾರೂ ಆ ದರ್ಶನದ ಪ್ರವರ್ತಕನಾದ ಕಪಿಲಮುನಿಯ ಆಶ್ರಮವೆಂದು ತಿಳಿದಿಲ್ಲ.

ಸಂಸ್ಕೃತದ ಎರವಲು ಬೇಡವೆಂದು ಕಟ್ಟಿದ ‘ಎಣಿಕೆಯರಿಗ’ (ಎಣಿಕೆಯನ್ನು ಅರಿತವನು) ಎಂಬ ಸಲಹೆಯಂತೂ ಸಲ್ಲದು. ಎಣಿಸುವವನು ಗಣತಿದಾರ, ಎಣಿಸಿ ತಂದದ್ದರಿಂದ ಊರಿನ ವಯೋಮಾನ, ಮರಣದ ಪ್ರಮಾಣ ಮುಂತಾದವನ್ನು ಅರಿಯುವವನು ಬೇರೆ. ಜರ್ಮನ್ನಿನ ‘ಸ್ಟಾಟಿಸ್ಟಿಕ್’ ಕೂಡ ಎಣಿಕೆಯಿಂದ ಹುಟ್ಟಿದ ಪದವಲ್ಲ. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ವಿದ್ವಾಂಸ ಆಕೆನ್ವಾಲ್ ಅದನ್ನು ಬಳಕೆಗೆ ತಂದಾಗ ಅದರ ಅರ್ಥ ರಾಜ್ಯದ ಸ್ಥಿತಿಗತಿಯ ವಿವರಣೆ ಎಂದಿತ್ತು.

ಎರವಲೆಲ್ಲ ಮೈಲಿಗೆ ಎನ್ನುವವರು ಜನಗಣತಿಗೆ ಹಿಂದೆ ಬಳಸುತ್ತಿದ್ದ ‘ಖಾನೇಷುಮಾರಿ’ಯನ್ನು ಒಮ್ಮೆ ನೋಡಬೇಕು. ಪಾರಸಿಯಲ್ಲಿ ಖಾನಾ ಎಂದರೆ ಮನೆ, ಶುಮಾರ್ ಎಂದರೆ ಎಣಿಕೆ. ನಾವು ದಿನವೂ ಆಡುವ ‘ಸುಮಾರು’ ಅದೇ ಶುಮಾರ್‌ನಿಂದ ಬಂದು, ಎಣಿಕೆಯ ಅರ್ಥವನ್ನು ಬಿಟ್ಟು ಅಂದಾಜಿನ ಅರ್ಥವನ್ನು ಹಿಡಿದಿದೆ. ಅದನ್ನು ಹೊರಗಟ್ಟಲು ಯಾರೂ ಮುಂದಾಗಿಲ್ಲ.

ಫಲಕದ ಎರಡನೆಯ ಸಾಲಿನಲ್ಲಿ ‘ಜನಗಣತಿ’ ಎಂದಿರಲಿ. ಹೆಸರು ‘ಕಿಂಕ್ಲಿನ್’ ಅಲ್ಲ, ‘ಕಿಂಕೆಲಿನ್’. ಕರಡಿನಲ್ಲಿ ಎರಡು ಕಡೆ ತಪ್ಪಿದೆ.