ಸಹಾಯ ಬೇಕು: ಲೇಡಲ್ ಮೇಲೆ ಥರ್ಮಲ್ ಕ್ಯಾಮೆರಾ ತಪ್ಪು ಅಳತೆ ತೋರಿಸುತ್ತಿದೆ

ನಮಸ್ಕಾರ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ನಿರ್ವಹಣೆ ನೋಡಿಕೊಳ್ಳುತ್ತೇನೆ. ಸುಮಾರು 1400 ಡಿಗ್ರಿಯ ಕರಗಿದ ಕಬ್ಬಿಣ ಹೊರುವ ಲೇಡಲ್‌ನ ಒಳಪದರ ಎಲ್ಲಿ ಸವೆದಿದೆ ಎಂದು ಹೊರಗಿನಿಂದಲೇ ತಿಳಿಯಲು 8–14 ಮೈಕ್ರಾನ್ ತರಂಗಾಂತರದ ಥರ್ಮಲ್ ಕ್ಯಾಮೆರಾ ಕೂರಿಸಿದ್ದೇವೆ. ತುಕ್ಕು ಹಿಡಿದ ಕಡೆ ಅಳತೆ ಸರಿಯಾಗಿದೆ. ಹೊಸದಾಗಿ ತೇಪೆ ಹಾಕಿ ಉಜ್ಜಿದ ತಗಡು ಮಾತ್ರ ಮಿರಮಿರ ಮಿಂಚುತ್ತದೆ. ಅಲ್ಲಿ ಮುಟ್ಟಿಸಿ ತಾಪ ಅಳೆಯುವ ಥರ್ಮೋಕಪಲ್ 210 ತೋರಿಸಿದರೆ ಕ್ಯಾಮೆರಾ 90 ಎನ್ನುತ್ತದೆ. ಹೊಳೆಯುವ ಲೋಹದ ಎಮಿಸಿವಿಟಿ (ಶಾಖವನ್ನು ಕಿರಣವಾಗಿ ಹೊರಸೂಸುವ ಗುಣ) ಕಡಿಮೆ, ಕಾರಣ ಅದೇ. ಅಲ್ಲಿ ಬಳಿಯಲು 400 ಡಿಗ್ರಿ ತಾಳುವ, ಹೊಳಪಿಲ್ಲದ ಯಾವ ಕಪ್ಪು ಬಣ್ಣ ಬಾಳಿಕೆ ಬರುತ್ತದೆ? ತಾಪ ಮಿತಿ ಮೀರಿದ ಕೂಡಲೇ ಮೋಡ್‌ಬಸ್ (ಯಂತ್ರಗಳ ನಡುವಿನ ಸಂವಹನ ವಿಧಾನ) ಮೂಲಕ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಪಿಎಲ್‌ಸಿಗೆ ಸೂಚನೆ ಕಳಿಸಿ ಸೈರನ್ ಮೊಳಗಿಸುವಂತೆ ಮಾಡಿದವರು ಯಾರಾದರೂ ಇದ್ದೀರಾ? ಲೇಡಲ್ ತೂತಾದರೆ ಪಕ್ಕದಲ್ಲೇ ನಿಂತಿರುವವರು ನಮ್ಮ ಹುಡುಗರು. ದಯವಿಟ್ಟು ತಿಳಿಸಿ.